ಈರಮ್ಮ ಕೂತ ಬಂಡೆ

ಗೆಳೆಯರೇ, ಮೊದಲು ಇವತ್ತಿನ ಖರ್ಚು ಕೇಳಿ: ಒಂದು ಲಾರಿಯ ಬಾಡಿಗೆ, ಕಲ್ಲೊಡೆಯುವ ಆರು ಜನರ ಕೂಲಿ, ಮೇಲೆ ನನ್ನ ಒಂದಿಷ್ಟು ಮರ್ಯಾದೆ.

ಬಳ್ಳಾರಿಯಲ್ಲಿ ಕಟ್ಟಿಸುತ್ತಿರುವ ಮನೆಯ ಪಾಯಕ್ಕೆಂದು ಕುರುಗೋಡಿನ ಗುಡ್ಡದ ಕರಿಬಂಡೆಯೊಂದನ್ನು ಒಡೆಸಲು ಹೋಗಿದ್ದೆ. ಅದರ ಮೈತುಂಬ ಯಾವ ಕಾಲದವರೋ ಕೊರೆದ ಎತ್ತುಗಳ ಚಿತ್ರ. ಮೇಲೆ, ಕುರಿ ಕಾಯುವ ಈರಮ್ಮ ಕೂತುಬಿಟ್ಟಿದ್ದಳು. ನಾನು ಅಂಬೆಗಾಲಿಡುವಾಗಿನಿಂದ ನನ್ನನ್ನು ಬಲ್ಲ ಮುದುಕಿ.

“ಏಳಬೇ ಯವ್ವಾ, ಗುಡ್ಡದಾಗ ಇಂಥಾವು ಸಾವಿರ ಅದಾವು,” ಎಂದೆ.

“ಸಾವಿರ ಇದ್ರ ಬ್ಯಾರೇದು ಒಡಿಯಲೇ. ಇದರ ಬುಡಕ ಹೆಣ್ಣು ನವಿಲು ಕಾವಿಗೆ ಕುಂತೈತಿ. ಅಲ್ಲಲೇ, ಈ ಕಲ್ಲಿನ ಗುರುತು ಸಿಗವಲ್ದೇನು ನಿನಗ?”

“ಕಲ್ಲಿಗೆಂಥಾ ಗುರುತಬೇ?”

ಅವಳು ಒಂದು ಗುಂಡುಕಲ್ಲು ಎತ್ತಿಕೊಂಡು ಬಂಡೆಯ ಅಂಚಿಗೆ ಮೂರು ಸಲ ಬಡಿದಳು. ಗುಡಿಯ ಗಂಟೆಯಂತೆ ಠಣ್ಣೆಂದಿತು. ನನ್ನ ಅವ್ವ ಇಲ್ಲೇ ಕುರಿ ಮೇಯಿಸುತ್ತಿದ್ದಾಗ ಮಧ್ಯಾಹ್ನ ಹೀಗೇ ಬಡಿದು ನನ್ನನ್ನು ಉಣ್ಣಲು ಕರೆಯುತ್ತಿದ್ದಳು. ಅವಳು ತೀರಿಕೊಂಡು ಹದಿನೆಂಟು ವರ್ಷವಾಯಿತು. ಆದರೂ ಸದ್ದು ಕೇಳಿದ್ದೇ ತಡ, ಪಂಚೆ ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಿಯೇಬಿಟ್ಟೆ. ಆಳುಗಳು ಬಿದ್ದು ಬಿದ್ದು ನಕ್ಕರು.

ಲಾರಿ ಖಾಲಿ ಮರಳಿತು. ಆಳುಗಳಿಗೆ ಮೈ ಬೆವರದ ಕೂಲಿ, ಎತ್ತುಗಳಿಗೆ ಅವುಗಳ ಬಂಡೆ, ನವಿಲಿಗೆ ಅದರ ಮೊಟ್ಟೆ. ನನಗೆ ಈರಮ್ಮನ ಬುತ್ತಿಯಿಂದ ಅರ್ಧ ರೊಟ್ಟಿ, ಪುಂಡಿಪಲ್ಯ.