ಮೂರನೆಯ ದಿನ, ಜೈಲಿನ ಬಾಗಿಲಲ್ಲಿ

ಸೋಮವಾರ, ಬೆಳಿಗ್ಗೆ ಆರು ಗಂಟೆ. ಅಳದಂಗಡಿಯಲ್ಲಿ ತಂಗಿಯ ಮನೆಯ ಅಡುಗೆಮನೆ. ಇದ್ದವರು ಹಿಂದಿನ ದಿನ ಬಂದಿದ್ದ ನಾನು, ತಂಗಿ, ಅವಳ ಗಂಡ. ಅವರ ಮಗ ಜೈಲಿನಲ್ಲಿದ್ದ.

ಅವನು ಪಿಕಪ್ ಓಡಿಸುವವನು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುತ್ತಿತ್ತು. ಶುಕ್ರವಾರ ಸಂಜೆ ಮೆಲ್ಕಾರ್‌ನಲ್ಲಿ ಅಂಗಡಿಯವನೊಬ್ಬನ ತಲೆಗೆ ಸೋಡಾ ಬಾಟಲಿಯಿಂದ ಹೊಡೆದು ಸಿಕ್ಕಿಬಿದ್ದ. ಜಾಮೀನಿಗೆ ಅಪ್ಪ ತನ್ನ ಜಾಗದ ದಾಖಲೆಯಾದ ಆರ್‌ಟಿಸಿ ಕೊಟ್ಟು ಸಹಿ ಹಾಕಬೇಕಿತ್ತು. ಅವರು ಕಾಗದಪತ್ರವಿದ್ದ ಕಪಾಟಿನ ಬಾಗಿಲು ತೆಗೆಯಲಿಲ್ಲ.

“ಒಂದು ತಿಂಗಳು ಒಳಗೇ ಇರಲಿ ಅಕ್ಕ. ಅಲ್ಲಿ ಕುಡಿಯಲಿಕ್ಕೆ ಎಲ್ಲಿ ಸಿಗ್ತದೆ? ಸರ್ಕಾರದ ಬೀಗ, ಸರ್ಕಾರದ ಊಟ. ಇದಕ್ಕಿಂತ ಒಳ್ಳೆ ಕುಡಿತ ಬಿಡಿಸುವ ಸೆಂಟರ್ ಉಂಟಾ?” ಎಂದರು ತಂಗಿಯ ಗಂಡ.

“ಕುಡಿತ ಒಮ್ಮೆಗೇ ನಿಂತರೆ ಅವನಿಗೆ ಫಿಟ್ಸ್ ಬರ್ತದೆ. ಹೋದ ಸಲ ಜ್ವರದಲ್ಲಿ ಮಲಗಿದಾಗ ಬಂದದ್ದು ಮರೆತುಹೋಯ್ತಾ?” ಎಂದೆ.

“ನಿಮ್ಮದು ಆಸ್ಪತ್ರೆಯ ಲೆಕ್ಕ. ಅವನನ್ನು ಚರಂಡಿಯಿಂದ ಎತ್ತಿ ಮನೆಗೆ ತಂದವ ನಾನು. ನನ್ನ ಲೆಕ್ಕ ಬೇರೆ.”

ಊರಿನವರೂ ಅದನ್ನೇ ಹೇಳುತ್ತಿದ್ದರು: ಜೈಲಿಗೆ ಹೋದರೆ ಸರಿಯಾಗುತ್ತಾನೆ. ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿಯೇ ನಿವೃತ್ತಿಯಾದವಳು. ದಿನವೂ ಕುಡಿಯುವವನು ಹಠಾತ್ತನೆ ಬಿಟ್ಟರೆ ಎರಡನೆಯ, ಮೂರನೆಯ ದಿನ ಏನಾಗುತ್ತದೆಂದು ಕಂಡಿದ್ದೇನೆ. ಕೆಲವರು ಉಳಿಯುವುದಿಲ್ಲ. ಇದು ಮೂರನೆಯ ದಿನ. ತಂಗಿಗೆ ಸೀರೆ ಬದಲಿಸಲು ಹೇಳಿದೆ. ಏಳರ ಬಸ್ಸು ಹಿಡಿದೆವು. ಬಿ.ಸಿ. ರೋಡಿನಲ್ಲಿ ಇಳಿದು ಜೈಲಿನ ಕಡೆಗೆ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ತಂಗಿ ಕೇಳಿದ್ದು ಒಂದೇ ಮಾತು: “ಬಿಸಿನೀರು ಕೊಡ್ತಾರಾ ಅಲ್ಲಿ?”

ಜೈಲಿನ ಬಾಗಿಲಲ್ಲಿದ್ದ ವಾರ್ಡರ್ ನಡುವಯಸ್ಸಿನವನು. “ಇವತ್ತು ಭೇಟಿ ಇಲ್ಲ ಅಮ್ಮ.”

“ಭೇಟಿ ಬೇಡ. ಮೆಲ್ಕಾರ್ ಕೇಸಿನಲ್ಲಿ ಬಂದ ಹುಡುಗ, ಇವಳ ಮಗ. ಅವನಿಗೆ ಕುಡಿತ ನಿಂತರೆ ಫಿಟ್ಸ್ ಬರ್ತದೆ. ಒಳಗೆ ಮದ್ದು ಕೊಡುವವರಿಗೆ ಅದನ್ನು ತಿಳಿಸಿ.”

“ಇಲ್ಲಿ ಮೊದಲ ವಾರ ನಡುಗದವರು ಯಾರುಂಟು? ಕೆಲವರದ್ದು ನಾಟಕ.”

“ಇರಬಹುದು. ಅವನು ಈಗ ಏನು ಮಾಡ್ತಿದ್ದಾನೆ, ಅಷ್ಟು ನೋಡಿ ಬನ್ನಿ. ನಾನು ಇಲ್ಲೇ ನಿಲ್ತೇನೆ.”

ನಿಂತೆ. ತಂಗಿ ಗೋಡೆಯ ನೆರಳಿನಲ್ಲಿ ಕೂತಳು. ವಾರ್ಡರ್ ಹೊರಗೆ ಬಂದಾಗ ಅವನ ದನಿ ಬದಲಾಗಿತ್ತು.

“ರಾತ್ರಿಯಿಂದ ಅಂಗಿಯಿಂದ ಇರುವೆ ಹೆಕ್ತಾ ಕೂತಿದ್ದಾನಂತೆ. ಉಳಿದವರು ನೋಡಿ ನಗಾಡ್ತಿದ್ದಾರೆ. ಅಂಗಿಯಲ್ಲಿ ಇರುವೆ ಒಂದೂ ಇಲ್ಲ.”

“ಅದು ಕುಡಿತ ನಿಂತದ್ದರ ಭ್ರಮೆ, ನಾಟಕ ಅಲ್ಲ. ಈಗಲೇ ಆಸ್ಪತ್ರೆಗೆ ಕಳುಹಿಸಿ. ಸಂಜೆವರೆಗೆ ಕಾಯಬೇಡಿ.”

ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ, ಮೇಲಿನವರಿಗೆ ಹೇಳಲು ಓಡಿದ. ವಾಹನಕ್ಕೆ, ಕಾವಲಿನ ಪೊಲೀಸರಿಗೆ ಕಾಯುವಷ್ಟರಲ್ಲಿ ಹನ್ನೊಂದೂವರೆಯಾಯಿತು. ನಾವು ರಿಕ್ಷಾದಲ್ಲಿ ಹಿಂದೆ ಹೋದೆವು.

ಆಸ್ಪತ್ರೆಯಲ್ಲಿ ಅವನ ಒಂದು ಕೈಯನ್ನು ಮಂಚಕ್ಕೆ ಕೋಳ ಹಾಕಿ ಬಿಗಿದಿದ್ದರು. ಮೈಯೆಲ್ಲ ಬೆವರು. ತಾಯಿಯನ್ನು ನೋಡಿ, “ಹಗ್ಗ ಸಡಿಲ ಉಂಟು ಮಾರಾಯ, ಇನ್ನೊಂದು ಸುತ್ತು ಬಿಗಿ. ಘಾಟಿಯಲ್ಲಿ ಪಿಕಪ್ಪಿನ ಲೋಡು ಬೀಳ್ತದೆ” ಎಂದ. ತಂಗಿ ಮಂಚದ ಕಂಬಿ ಹಿಡಿದು ಹಗ್ಗ ಬಿಗಿದಂತೆ ನಟಿಸಿದಳು. “ಹಾಂ, ಈಗ ಸರಿ” ಎಂದ.

ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಎಷ್ಟು ಕುಡಿಯುತ್ತಿದ್ದ, ಕೊನೆಗೆ ಯಾವಾಗ ಕುಡಿದ, ಹಿಂದೆ ಫಿಟ್ಸ್ ಬಂದದ್ದು ಯಾವಾಗ, ಎಲ್ಲ ಹೇಳಿದೆ. ಇಂಜೆಕ್ಷನ್ ಕೊಟ್ಟಳು, ಡ್ರಿಪ್ ಹಾಕಿಸಿದಳು. ಮೂರು ಗಂಟೆಯ ಹೊತ್ತಿಗೆ ನಿದ್ದೆ ಹಿಡಿಯಿತು.

“ಇವತ್ತು ಬಂದದ್ದು ಒಳ್ಳೆಯದಾಯ್ತು. ಆದರೆ ಈ ನಡುಕ, ಭ್ರಮೆ ಇಳಿದ ಮೇಲೆ ಪುನಃ ಜೈಲಿಗೇ ಹೋಗ್ಬೇಕು ಅಮ್ಮ. ಕುಡಿತ ಬಿಡಿಸುವ ವಾರ್ಡಿನಲ್ಲಿ ವಾರಗಟ್ಟಲೆ ಇರ್ಬೇಕು. ಅಷ್ಟು ದಿನ ಕಾವಲಿಗೆ ಪೊಲೀಸರನ್ನು ಕೊಡುವುದಿಲ್ಲ. ಜಾಮೀನು ಆದ್ರೆ ನಾವು ಸೇರಿಸಿಕೊಳ್ತೇವೆ.”

ಕಾರಿಡಾರಿನಲ್ಲಿ ನಿಂತು ಅವನ ಅಪ್ಪನಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ, ಇರುವೆಯ ವಿಷಯವನ್ನೂ.

“ನನ್ನನ್ನು ಕೇಳಿದನಾ?”

“ಇಲ್ಲ. ಯಾರ ಗುರುತೂ ಇಲ್ಲ.”

ಆ ಕಡೆ ಹೆಜ್ಜೆಗಳ ಸದ್ದು. ಕಪಾಟಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು.

“ಹಳೇ ಆರ್‌ಟಿಸಿ ಆಗ್ತದಾ, ಹೊಸತು ತೆಗೆಸಬೇಕಾ?”

“ಹೊಸತು. ನಾಳೆ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ತೆಗೆಸಿ, ಅಲ್ಲಿಂದ ನೇರ ಬಂಟ್ವಾಳದ ಕೋರ್ಟಿಗೆ ಬನ್ನಿ. ವಕೀಲರಿಗೆ ನಾನು ಹೇಳ್ತೇನೆ.”

“ಹೊರಗೆ ಬಂದು ಪುನಃ ಕುಡಿದ್ರೆ?”

“ಕುಡಿಯಲೂಬಹುದು” ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಹೊರಡುವಾಗ ಕಾವಲಿನ ಪೊಲೀಸ್ ಅವನ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟ. ಬಸ್ಸಿಗೆ ಹೋಗುವ ದಾರಿಯಲ್ಲಿ ಮತ್ತೆ ಜೈಲಿನ ಬಾಗಿಲಲ್ಲಿ ನಿಂತೆ. ಬೆಳಗಿನ ವಾರ್ಡರ್ ಡ್ಯೂಟಿ ಮುಗಿಸಿ ಹೊರಡುತ್ತಿದ್ದ. ಅದೇ ಕೋಣೆಯಲ್ಲಿ ಇನ್ನಿಬ್ಬರು ಹಾಗೇ ನಡುಗುತ್ತಿದ್ದಾರೆ ಎಂದ.

“ಅವರ ಹೆಸರನ್ನೂ ಡಾಕ್ಟರಿಗೆ ಹೇಳಿ.”

“ಹೇಳ್ತೇನೆ ಅಮ್ಮ. ಅವರಿಗೆ ಫಿಟ್ಸ್ ಉಂಟಾ, ಎಷ್ಟು ಕುಡೀತಿದ್ರು ಅಂತ ಕೇಳಿದ್ರೆ ನಾನು ಏನು ಹೇಳಲಿ? ಅವರನ್ನು ಕೇಳಿಕೊಂಡು ಯಾರೂ ಬರಲಿಲ್ಲ.”

ಅವರ ಮನೆಗಳಲ್ಲೂ ಯಾರೋ, ಈ ಸಲ ಸರಿಯಾಗುತ್ತಾನೆ ಎಂದುಕೊಂಡು ಕೂತಿರಬಹುದು.

ತಂಗಿಯನ್ನೂ ಕರೆದುಕೊಂಡು ಮೂಡಬಿದಿರೆಯ ನನ್ನ ಮನೆ ಮುಟ್ಟಿದಾಗ ಸಂಜೆ ಏಳು ಗಂಟೆ. ತಂಗಿಗೆ ಗಂಜಿ ಬಡಿಸಿದೆ. ವಕೀಲರಿಗೆ ಫೋನ್ ಮಾಡಿ ನಾಳೆಯ ಹೊತ್ತು ಗೊತ್ತುಮಾಡಿದೆ. ಆಮೇಲೆ ಅಂಗಿಯನ್ನು ಚೀಲದಿಂದ ತೆಗೆದೆ. ಹೆಕ್ಕಿ ಹೆಕ್ಕಿ ಎದೆಯ ಭಾಗದ ನೂಲು ಎದ್ದಿತ್ತು. ನೆನೆಹಾಕಿ, ಒಗೆದು, ಹಿಂಡಿ, ಹಿತ್ತಿಲಿನ ಹಗ್ಗದ ಮೇಲೆ ಹರಡಿದೆ. ನಾಳೆ ಅವನಿಗೆ ಹಾಕಿಕೊಳ್ಳಲು ಒಯ್ಯುವುದಕ್ಕೆ ಈ ಮನೆಯಲ್ಲಿ ಅದೊಂದೇ ಇದ್ದದ್ದು.