ಅಕ್ಕನ ನೋವು, ನನ್ನ ಫೋಟೋ

ನನ್ನ ಹಿರಿಯ ನೆಗೆಣ್ಣಿ ಸತ್ತದ್ದು ನಡುನೋವಿನಿಂದಲ್ಲ. ನೋವಾಗುತ್ತದೆ ಅಂತ ಹೇಳುವುದನ್ನೇ ಬಿಟ್ಟಿದ್ದಳು, ಅದಕ್ಕೆ ಸತ್ತಳು. ಊರವರು ಬೇರೆ ಏನೇನೋ ಹೇಳುತ್ತಾರೆ, ಹೇಳಲಿ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಭಾವನ ಹರಿದ ಧೋತರದ ಪಟ್ಟಿಯನ್ನು ಸೀರೆಯ ಮೇಲೆ ನಡುವಿಗೆ ಬಿಗಿದು ಕಟ್ಟಿರುತ್ತಿದ್ದಳು. ಏಳುವಾಗ ಎರಡೂ ಅಂಗೈಗಳನ್ನು ಮೊಣಕಾಲಿಗೆ ಊರಬೇಕು. ಮೊದಲು ತಲೆ, ಆಮೇಲೆ ಹೆಗಲು, ಎಲ್ಲಕ್ಕಿಂತ ಕಡೆಗೆ ನಡು ಮೇಲೆ ಬರುತ್ತಿತ್ತು. "ಅವ್ವಾ" ಅಂತ ನರಳುತ್ತಿರಲಿಲ್ಲ. ತನ್ನ ನಡುವಿಗೇ ಬೈಯುತ್ತಿದ್ದಳು: "ಏಳ ಬೇ ಮೈಗಳ್ಳಿ, ಹೊತ್ತ ಏರೇತಿ." ನನಗೆ ನಗು ಬರುತ್ತಿತ್ತು. "ನಗ್ತೀಯೇನ, ನಗು. ನಿನಗೂ ಇಂಥಾ ಸವತಿ ಒಬ್ಬಾಕಿ ಬರ್ಲಿ" ಅನ್ನುತ್ತಿದ್ದಳು.

ತವರಿನಲ್ಲಿ ನನಗೆ ತಾಯಿ ಇರಲಿಲ್ಲ. ನನ್ನ ಬಾಣಂತನಗಳೆಲ್ಲ ಬೇಡಕಿಹಾಳದ ನಮ್ಮ ಮನೆಯಲ್ಲೇ, ಅವಳ ಕೈಯಲ್ಲೇ ಆದವು. ಬಿಸಿನೀರು ಹೊತ್ತು ತಂದು, ಬಗ್ಗಿ ನನಗೆ ಎರೆದು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎರೆದು, ಆಮೇಲೆ ಎಮ್ಮೆಗಳ ಕಡೆ ಹೋಗುತ್ತಿದ್ದಳು. ನಾನು ಉಂಡೆನೋ ಇಲ್ಲವೋ ಅಂತ ಕೇಳಿದವಳು ಆ ಮನೆಯಲ್ಲಿ ಅವಳೊಬ್ಬಳೇ.

ಒಂದು ಮಳೆಗಾಲ ನಾನು ಕೊಟ್ಟಿಗೆಯಲ್ಲಿ ಜಾರಿ ಬಿದ್ದೆ. ಅಷ್ಟೊತ್ತಿಗೆ ಅಕ್ಕನಿಗೂ ನೆಲ ಬಿಟ್ಟು ಏಳುವುದು ಕಷ್ಟವಾಗಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಎಲುಬಿನ ಫೋಟೋ ತೆಗೆಸಬೇಕೆಂದು ಭಾವ ನಮ್ಮಿಬ್ಬರನ್ನೂ ಮಿರಜಿಗೆ ಕರೆದುಕೊಂಡು ಹೋದರು.

ಡಾಕ್ಟರು ನನ್ನ ಫೋಟೋವನ್ನು ಬೆಳಕಿಗೆ ಹಿಡಿದು, ಬೆನ್ನಿನ ಮಣಿಗಳ ನಡುವಿನ ಗಾದಿ ಸವೆದಿದೆ, ಎಲುಬಿನ ಅಂಚಿಗೆ ಮುಳ್ಳು ಬೆಳೆದಿವೆ ಅಂದರು. ನನಗೋ, ಬಿದ್ದ ಪೆಟ್ಟು ಮಾಯ್ದ ಮೇಲೆ ನೋವೇ ಇರಲಿಲ್ಲ. ಅಕ್ಕನ ಫೋಟೋ ಸ್ವಚ್ಛ ಇತ್ತು. ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು: ಈಕೆಯ ಫೋಟೋದಲ್ಲಿ ಏನೂ ಕಾಣುವುದಿಲ್ಲ, ಆದರೆ ನೋವು ಸುಳ್ಳಲ್ಲ, ನೋವು ಫೋಟೋಕ್ಕೆ ಸಿಗುವಂಥದಲ್ಲ, ಈಕೆಯ ಕೈಲಿ ಭಾರ ಎತ್ತಿಸಬೇಡಿ. ಭಾವ ತಲೆಯಾಡಿಸಿದರು. ಮನೆಗೆ ತಂದದ್ದು ಮಾತ್ರ ಮೊದಲ ಮಾತೊಂದನ್ನೇ.

ಎರಡೂ ಫೋಟೋಗಳು ಪಡಸಾಲೆಯ ಕಿಟಕಿಗೆ ಬಂದವು. ಬಂದವರಿಗೆಲ್ಲ ಭಾವ ತೋರಿಸುತ್ತಿದ್ದರು. "ಇದು ಸಣ್ಣಾಕೀದು, ನೋಡ್ರಿ, ಗಾದಿನ ಸವದೈತಿ. ಇದು ನಮ್ಮಾಕೀದು, ಹೊಸಾ ಸಾಮಾನ ಇದ್ದಂಗ ಐತಿ."

ಮಗ್ಗಲ ಮನೆಯವಳು ಅಕ್ಕನ ಮುಖಕ್ಕೇ ಕೇಳಿದಳು: "ಅಯ್ಯ, ಇಷ್ಟ ದಿನಾ ನಾಟಕ ಆಡಿದಿ ಹಂಗಾರ?"

ಅಕ್ಕ ತಾನೂ ನಕ್ಕಳು. ನಗುತ್ತಲೇ ಕೊಡ ಎತ್ತಿಕೊಂಡು ಹೋದಳು. ಅವತ್ತಿನಿಂದ ನನ್ನ ಪಾಲಿನ ಮೇವು, ನೀರು, ಸಗಣಿಯೂ ಅವಳ ಪಾಲಿಗೆ ಬಂದವು. ನಾನು ಎದ್ದು ಕೈಹಚ್ಚಿದರೆ ಭಾವ ನನ್ನ ಗಂಡನಿಗೆ ಒದರುತ್ತಿದ್ದರು: "ನಿನ್ನ ಹೇಣ್ತೀನ ಕೂಡಸೋ! ಬೆನ್ನಿನ ಮಣಕ ಮುರೀತಂದ್ರ ಯಾರ ನೋಡಾವ್ರು?"

ನಮ್ಮಲ್ಲಿ ಗಂಡನ ಅಣ್ಣನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯಬೇಕು, ಹೇಳುವುದಿದ್ದರೆ ಗಂಡನ ಬಾಯಿಂದ ಹೇಳಿಸಬೇಕು. ನಾನು ಹೇಳಿಸಿದೆ.

"ಡಾಕ್ಟರ ಇನ್ನೊಂದ ಮಾತ ಹೇಳಿದ್ರಂತಲ್ಲ ಅಣ್ಣಾ."

"ಯಾರಂದ್ರು?"

"ಈಕಿ."

"ಆಕೀದು ಮಣಕ ಸವದೈತಿ ಅಂದ್ರು. ಕಿವೀನೂ ಸವದಾವೇನ?"

ಅಲ್ಲಿಗೆ ಮುಗಿಯಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಬಿಡ ತಂಗಿ. ಕಾಣದ್ದನ್ನ ಯಾರಿಗಂತ ತೋರ್ಸ್ಲಿ?" ಅಂದಳು. ಸಂಜೆ ನಡುವಿನ ಪಟ್ಟಿ ಬಿಚ್ಚಿ ಒಲೆಗೆ ಹಾಕಿದಳು. ನಡುವಿಗೆ ಬೈಯುವುದೂ ನಿಂತಿತು. ಆ ಬೈಗುಳ ಇಲ್ಲದೆ ನನಗೆ ಮನೆ ಮನೆಯೇ ಅನ್ನಿಸಲಿಲ್ಲ.

ಹಾಗೇ ವರ್ಷಗಳು ಹೋದವು. ಒಂದು ಸಲ ಕಬ್ಬು ಕಡಿಯುವ ದಿನಗಳಲ್ಲಿ ಅವಳು ಊಟ ಬಿಟ್ಟಳು. ಕೇಳಿದರೆ "ಹಸಿವಿಲ್ಲ" ಅಂದಳು. ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತಿದ್ದಳು. "ಏನಾಗೇತಿ ಅಕ್ಕಾ, ಖರೇ ಹೇಳ" ಅಂದೆ. "ಏನಿಲ್ಲ" ಅಂದಳು. ಒಲೆಯ ಮುಂದೆ ಬಿದ್ದಾಗ ಮುಟ್ಟಿ ನೋಡಿದೆ, ಮೈ ಸುಡುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನಿಪ್ಪಾಣಿಗೆ ಹೋದೆವು.

"ಹೊಟ್ಯಾಗ ಕರುಳ ಒಡದ ಕೀವ ತುಂಬೇತಿ" ಅಂದರು ಅಲ್ಲಿಯ ಡಾಕ್ಟರು. "ಇಂಥಾ ನೋವಿನ್ಯಾಗ ಈಕಿ ಬಾಯಿ ಬಿಡಲಿಲ್ಲೇನ್ರಿ?"

"ಏನೂ ಹೇಳ್ಲಿಲ್ರಿ" ಅಂದರು ಭಾವ. ಸುಳ್ಳೇನಲ್ಲ. ಹೊತ್ತು ಮುಳುಗುವುದರೊಳಗೆ ಅಕ್ಕ ಹೋದಳು.

ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಮರುದಿನ ಮುಂಜಾನೆ ಎಮ್ಮೆಗಳು ಒದರುತ್ತಿದ್ದವು. ಭಾವ ಪಡಸಾಲೆಯಲ್ಲಿ ಕೂತು, "ಇನ್ನ ಹೆಂಡಿ ತಗ್ಯಾವ್ರು ಯಾರೋ? ನಿನ್ನ ಹೇಣ್ತಿ ಕೈಲೆ ಅಂತೂ ಆಗೂದಿಲ್ಲ" ಅಂತ ನನ್ನ ಗಂಡನನ್ನು ಕೇಳುತ್ತಿದ್ದರು.

ನಾನು ಬಾಗಿಲ ಮರೆ ಬಿಟ್ಟು ಹೊರಗೆ ಬಂದೆ. ಸೆರಗು ಎಳೆದುಕೊಳ್ಳಲಿಲ್ಲ. ಸಗಣಿ ಬುಟ್ಟಿಯನ್ನು ತಂದು ಅವರ ಕಾಲ ಮುಂದೆ ಇಟ್ಟೆ.

"ನಿಮ್ಮದಿನ್ನೂ ಫೋಟೋ ತಗಸಿಲ್ರಿ" ಅಂದೆ. "ಏಳ್ರಿ, ಎತ್ರಿ."