ಕ್ರೇನಮ್ಮನ ಹಸಿವು

ಉಕ್ಕಿನ ತಗಡು ಕತ್ತರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕ್ರೇನಮ್ಮ ಎಂದೇ ಕರೆಯುತ್ತಿದ್ದರು. ಚಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವ ಕ್ರೇನಿನ ಪುಟ್ಟ ಗಾಜಿನ ಕೋಣೆಯಲ್ಲಿ ಕೂತು, ಐದೈದು ಟನ್ನಿನ ತಗಡಿನ ಸುರುಳಿಗಳನ್ನು ಎತ್ತಿ ಲಾರಿಗೆ ಇಳಿಸುವುದು ಅವಳ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಸುರುಳಿಯೂ ಅವಳ ಕೈ ತಪ್ಪಿರಲಿಲ್ಲ.

ನಲವತ್ತೇಳನೆಯ ವಯಸ್ಸಿನಲ್ಲಿ, ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯಲ್ಲಿ ಅವಳ ತೂಕ ತೊಂಬತ್ನಾಲ್ಕು ಕೆಜಿ ಬಂತು. ರಕ್ತದ ಸಕ್ಕರೆ ಗಡಿಯ ಅಂಚಿನಲ್ಲಿತ್ತು. "ತೂಕ ಇಳಿಸ್ಕೋಬೇಕು ನೋಡಿ" ಎಂದಷ್ಟೇ ಹೇಳಿ ಡಾಕ್ಟರು ಮುಂದಿನವರನ್ನು ಕರೆದರು.

ಅವಳಿಗೆ ಅಷ್ಟೇ ಸಾಕಾಯಿತು. ಅವಳ ತಾಯಿ ಸಕ್ಕರೆ ಕಾಯಿಲೆಯಿಂದ ಮೊದಲು ಎರಡು ಬೆರಳು, ಆಮೇಲೆ ಇಡೀ ಪಾದ ಕಳೆದುಕೊಂಡಿದ್ದಳು. ಆ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಇವಳೇ. ಬಸ್ಸಿನಲ್ಲಿ ಮನೆಗೆ ಬರುವಷ್ಟು ಹೊತ್ತೂ ಚಪ್ಪಲಿಯೊಳಗಿನ ಬೆರಳುಗಳನ್ನು ಅಲ್ಲಾಡಿಸಿ ಅಲ್ಲಾಡಿಸಿ ನೋಡಿಕೊಂಡಳು.

ಮಾರನೆಯ ದಿನದಿಂದ ಊಟ ಬಿಟ್ಟಳು. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಎರಡು ಸೌತೆಕಾಯಿ, ಸಂಜೆ ತರಕಾರಿ ಬೇಯಿಸಿದ ನೀರು. ಏಳು ವಾರದಲ್ಲಿ ಒಂಬತ್ತು ಕೆಜಿ ಇಳಿದಳು. ಕಂಡವರೆಲ್ಲ ಹೊಗಳಿದರು. ಟೈಲರ್ ಆಗಿದ್ದ ಗಂಡ ಮಾತ್ರ ಅವಳ ಸಮವಸ್ತ್ರವನ್ನು ಮೂರನೆಯ ಸಲ ಚಿಕ್ಕದು ಮಾಡುತ್ತ, "ಒಂದೇ ಸಲಕ್ಕೆ ಇಷ್ಟು ಹಿಡಿದ್ರೆ ಹೊಲಿಗೆ ಬಿಡತ್ತೆ ಕಣೇ" ಎಂದ. ಅವಳು ಸಿಡುಕಿ ಎದ್ದುಹೋದಳು. ಬಾಚಣಿಗೆಯ ತುಂಬ ಕೂದಲು ಬರುತ್ತಿದ್ದುದನ್ನು, ಬಿಸಿಲಲ್ಲೂ ಚಳಿಯಾಗುತ್ತಿದ್ದುದನ್ನು ಅವನಿಗೆ ಹೇಳಲಿಲ್ಲ.

ಒಂದು ಸಂಜೆ ಅಡುಗೆಮನೆಯಲ್ಲಿ ನಿಂತಲ್ಲೇ ಒಂದು ಪೌಂಡ್ ಬ್ರೆಡ್ ತಿಂದು ಮುಗಿಸಿಬಿಟ್ಟಳು. ಕೊನೆಯ ತುಂಡು ಬಾಯಲ್ಲಿರುವಾಗಲೇ ಎದೆ ಹೊಡೆದುಕೊಳ್ಳತೊಡಗಿತು. ಆ ತಪ್ಪಿಗೆ ಶಿಕ್ಷೆಯೆಂದು ಮರುದಿನ ನೀರೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟದೆ ಕೆಲಸಕ್ಕೆ ಹೋದಳು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೊಕ್ಕೆಯಲ್ಲಿ ಸುರುಳಿ ತೂಗುತ್ತಿತ್ತು. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವನು ಸೀಟಿ. ಬಾಯಿಂದ ಸೀಟಿ ಇಳಿಸಿದ್ದೇ ಕಡಿಮೆಯಾದ್ದರಿಂದ ಅವನಿಗೆ ಆ ಹೆಸರು. ಇದ್ದಕ್ಕಿದ್ದಂತೆ ಅವನ ಹಳದಿ ಹೆಲ್ಮೆಟ್ ಎರಡಾಗಿ ಕಂಡಿತು. ಆಮೇಲೆ ಎಲ್ಲವೂ ಮಬ್ಬಾಯಿತು. ಅಂಗೈ ಬೆವರಿ ಜಾರುತ್ತಿತ್ತು. ಇಳಿಸುವ ಹಿಡಿಕೆ ಎಡಗಡೆಯದೋ ಬಲಗಡೆಯದೋ ಅವಳಿಗೆ ನೆನಪಾಗಲಿಲ್ಲ. ಹತ್ತೊಂಬತ್ತು ವರ್ಷ ಹಿಡಿದ ಹಿಡಿಕೆ. ಎರಡನ್ನೂ ಬಿಟ್ಟುಬಿಟ್ಟಳು. ಕ್ರೇನ್ ತಾನಾಗಿ ನಿಂತಿತು, ಆದರೆ ಸುರುಳಿ ನಿಲ್ಲಲಿಲ್ಲ. ಅತ್ತ ಇತ್ತ ತೂಗುತ್ತ ಸೀಟಿಯ ತಲೆಯ ಮೇಲೆ ಹಾದುಹೋಯಿತು, ಮತ್ತೆ ಬಂತು. ಅವನು ಉದ್ದಕ್ಕೆ ಸೀಟಿ ಊದುತ್ತ ಎಲ್ಲರನ್ನೂ ದೂರ ಅಟ್ಟಿದ. ತೂಗಾಟ ನಿಲ್ಲುವಷ್ಟು ಹೊತ್ತೂ ಅವಳು ಆ ಹಳದಿ ಹೆಲ್ಮೆಟ್ಟನ್ನೇ ಹುಡುಕುತ್ತ ಕೂತಿದ್ದಳು.

ಅವಳು ಇಳಿಯದಿದ್ದುದನ್ನು ಕಂಡು ಅವನೇ ಏಣಿ ಹತ್ತಿ ಬಂದ. ಜೇಬಿನಲ್ಲಿದ್ದ ಬಾಳೆಹಣ್ಣು ಸುಲಿದು ಅವಳ ಕೈಗಿಟ್ಟ.

"ಬೆಳಿಗ್ಗೆ ಏನು ತಿಂದೆ ಅಕ್ಕ?"

"ತಿಂದೆ."

"ಏನು ತಿಂದೆ ಅಂತ ಕೇಳ್ದೆ."

ಅವಳು ಮುಖ ತಿರುಗಿಸಿ ಕೆಳಗಿನ ಲಾರಿಯ ಕಡೆ ನೋಡಿದಳು.

"ನಾನು ಕೆಳಗೇ ನಿಂತಿದ್ದೆ, ಅಕ್ಕ" ಎಂದ ಅವನು ಮೆಲ್ಲಗೆ.

ಅವಳು ಬಾಳೆಹಣ್ಣು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

ಕಾರ್ಖಾನೆಯ ನರ್ಸಮ್ಮನ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ನರ್ಸಮ್ಮ ಬೈಯಲಿಲ್ಲ. ಸದ್ಯಕ್ಕೆ ಕ್ರೇನ್ ಬೇಡ, ಕೆಳಗೆ ಗೋದಾಮಿನ ಕೆಲಸ ಮಾಡಲಿ ಎಂದು ಬರೆದುಕೊಟ್ಟರು. "ಮೂರು ಹೊತ್ತೂ ತಿನ್ನಿ. ಅರ್ಧ ತಟ್ಟೆ ತರಕಾರಿ, ಜೊತೆಗೆ ಬೇಳೆನೋ ಮೊಟ್ಟೆನೋ, ಅನ್ನ ಸ್ವಲ್ಪ ಕಮ್ಮಿ. ಉಂಡಾದ್ಮೇಲೆ ಇಪ್ಪತ್ತು ನಿಮಿಷ ನಡೀರಿ. ಮೊದಮೊದಲು ತೂಕ ಸ್ವಲ್ಪ ಏರತ್ತೆ, ಹೆದರಬೇಡಿ. ಆಮೇಲೆ ತಿಂಗಳಿಗೆ ಒಂದು ಕೆಜಿ ಇಳಿದ್ರೂ ಸಾಕು."

"ಅಷ್ಟರಲ್ಲಿ ನನ್ನ ಕಾಲು ಹೋದ್ರೆ?"

"ಕಾಲು ಹೋಗೋದು ಒಂದೆರಡು ತಿಂಗಳಲ್ಲಲ್ಲ. ನಿಮಗಿನ್ನೂ ಕಾಯಿಲೆನೇ ಬಂದಿಲ್ಲ. ಹೀಗೆ ಉಪವಾಸ ಬಿದ್ರೆ ಎಷ್ಟು ದಿನ ತಡ್ಕೋತೀರಿ? ಬಿಟ್ಟ ದಿನ ಇಳಿದಿದ್ದೆಲ್ಲ ವಾಪಸ್ ಬರತ್ತೆ."

ತಿನ್ನುವುದು ಅವಳಿಗೆ ಉಪವಾಸಕ್ಕಿಂತ ಹೆದರಿಕೆಯದಾಯಿತು. ತುತ್ತು ಎತ್ತಿದರೆ ತಾಯಿಯ ಪಾದ ಕಣ್ಣಿಗೆ ಕಟ್ಟುತ್ತಿತ್ತು. ಎರಡು ವಾರದಲ್ಲಿ ತೂಕ ಎರಡು ಕೆಜಿ ಏರಿತು. ಆ ಬೆಳಿಗ್ಗೆ ಬಚ್ಚಲಿನ ಚಿಲಕ ಹಾಕಿಕೊಂಡು ಕೂತುಬಿಟ್ಟಳು.

"ನರ್ಸಮ್ಮ ಮೊದ್ಲೇ ಹೇಳಿದ್ರಲ್ಲ, ಸ್ವಲ್ಪ ಏರತ್ತೆ ಅಂತ" ಎಂದ ಗಂಡ ಬಾಗಿಲಾಚೆಯಿಂದ.

"ಇಳಿಯದೇ ಹೋದ್ರೆ?"

"ಆಗ ಮತ್ತೆ ಅವರನ್ನೇ ಕೇಳೋಣ. ಈಗ ಬಾ, ತಟ್ಟೆ ಹಾಕಿದೀನಿ. ನಾನೂ ತಿಂದಿಲ್ಲ."

ಅವಳು ಹೊರಗೆ ಬಂದು ಉಂಡಳು. ಉಂಡ ಮೇಲೆ ಇಬ್ಬರೂ ಬೀದಿಯ ಕೊನೆಯವರೆಗೆ ನಡೆದು ಬಂದರು. ಅದೇ ರೂಢಿಯಾಯಿತು. ಐದನೆಯ ವಾರದಲ್ಲಿ ತೂಕ ಅರ್ಧ ಕೆಜಿ ಇಳಿಯಿತು. ಒಮ್ಮೆ ಎರಡು ತಿಂಗಳು ತೂಕದ ಯಂತ್ರದ ಮುಳ್ಳು ಕದಲಲೇ ಇಲ್ಲ. ಆದರೆ ಅಷ್ಟರೊಳಗೆ ಸಕ್ಕರೆ ಗಡಿಯಿಂದ ಕೆಳಗೆ ಸರಿದಿತ್ತು.

ಗೋದಾಮಿನಲ್ಲಿ ಮೂರು ತಿಂಗಳು ಕಳೆದು ಕ್ರೇನಿಗೆ ಮರಳಿದ ದಿನ, ಸುರುಳಿಯ ಕೆಳಗೆ ಯಾರೂ ಇರಬಾರದೆಂದು ಹಟ ಹಿಡಿದಳು. ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ತೆಗೆದುಕೊಂಡಳು. ಲಾರಿಯವರು ಗೊಣಗಿದರೂ ದೂರದಿಂದ ಸನ್ನೆ ಮಾಡುತ್ತಿದ್ದ ಸೀಟಿ ಅವಸರ ಮಾಡಲಿಲ್ಲ.

ಒಂದೂವರೆ ವರ್ಷ ಕಳೆದಿದೆ. ಈಗ ಅವಳ ತೂಕ ಎಪ್ಪತ್ತೆಂಟು. ಹೆದರಿಕೆ ಪೂರ್ತಿ ಹೋಗಿಲ್ಲ. ಹದಿನೈದು ದಿನಕ್ಕೊಮ್ಮೆ ತೂಕದ ಯಂತ್ರ ಹತ್ತುವಾಗ ಇವತ್ತಿಗೂ ಗಂಡನ ಭುಜ ಹಿಡಿದುಕೊಳ್ಳುತ್ತಾಳೆ. "ಕೈ ಬಿಡೇ, ನನ್ನ ತೂಕಾನೂ ಸೇರತ್ತೆ" ಎಂದು ಅವನು ರೇಗಿಸುತ್ತಾನೆ. ಅವಳು ಬಿಡುವುದಿಲ್ಲ.